ಡೆಮೊ

ಜೋಗಿಮಟ್ಟಿ ರಸ್ತೆಯ ನಮ್ಮನೆಗೆ ಏಪ್ರಿಲ್ಲಿನ ಹನ್ನೆರಡು ಗಂಟೆಗೆ
ಬೆನ್ನಚೀಲ ಹೊತ್ತು ಬಂದವನ ಕೊರಳ ಕಾರ್ಡಿನಲ್ಲಿ
ಪಾಲಾಕ್ಷ ಎಂದಿತ್ತು.
"ಕೊಳ್ಳೋದು ಬ್ಯಾಡಕ್ಕ, ಬರೀ ನೋಡ್ರಿ" ಅಂದ.

ನೋಡಿದೆ.
ಎರಡು ಗಾಜಿನ ಲೋಟ. ಒಂದರಲ್ಲಿ ನಮ್ಮ ನಲ್ಲಿಯದು,
ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ,
ಶಾಂತಿಸಾಗರದಿಂದ ನಿದ್ದೆಗಣ್ಣಲ್ಲಿ ನಡೆದು ಬರುವ ನೀರು.
ಇನ್ನೊಂದರಲ್ಲಿ ಅವನ ಕಂಪನಿಯದು.
ಎರಡಕ್ಕೂ ಕಬ್ಬಿಣದ ಕಂಬಿ ಇಳಿಸಿ
ಪ್ಲಗ್ ಚುಚ್ಚಿದ.

ಅವನದು ಸುಮ್ಮನೆ ಕೂತಿತು, ಮುಂದಿನ ಬೆಂಚಿನ ಹುಡುಗನ ಹಾಗೆ.
ನಮ್ಮದು ಮೊದಲು ಹಳದಿ, ಆಮೇಲೆ ತುಕ್ಕು,
ಆಮೇಲೆ ಹುಣಸೆಹಣ್ಣು ಕಿವುಚಿದಂತೆ ಕದಡಿ
ನೊರೆ ಕಟ್ಟಿತು.
"ಇದನ್ನ ಕುಡೀತಿದೀರಿ ನೀವು" ಅಂದ, ಮೆಲ್ಲಗೆ,
ಸಾವಿನ ಮನೆಯಲ್ಲಿ ಮಾತಾಡುವವರಂತೆ.

ನನ್ನ ಕೈ ತಾನಾಗಿ ಬಾಯಿಗೆ ಹೋಯಿತು.
ಆ ಬಣ್ಣ ನನಗೆ ಗೊತ್ತು.
ಮೂವತ್ತೈದು ವರ್ಷದಿಂದ ಕನ್ನಡಿಯಲ್ಲಿ ನೋಡಿದ್ದೇನೆ,
ಮೇಲಿನ ಆರು ಹಲ್ಲಿಗೆ ಅಡ್ಡಡ್ಡ ಎಳೆದ ಗೀರು.
ಮದುವೆಯ ಆಲ್ಬಂ ತುಂಬ ಮುಚ್ಚಿದ ಬಾಯಿ;
ಗಂಡನ ಕಡೆಯವರು, ಹುಡುಗಿ ಗಂಭೀರ ಅಂದುಕೊಂಡರು.

ಆದರೆ ಆ ಗೀರು ಎಳೆದ ನೀರಿಗೆ ಬಣ್ಣವೇ ಇರಲಿಲ್ಲ.
ಚಳ್ಳಕೆರೆ ಆಚೆ, ನಮ್ಮೂರ ಶಾಲೆ ಪಕ್ಕದ ಬೋರಿಂಗು.
ಹ್ಯಾಂಡಲ್ಲಿಗೆ ಇಬ್ಬರು ಜೋತುಬಿದ್ದರೆ
ಒಬ್ಬಳ ಬೊಗಸೆ ತುಂಬುತ್ತಿತ್ತು,
ಅಂಗೈಯ ಗೆರೆ ಎಣಿಸಬಹುದಾದಷ್ಟು ತಿಳಿ.
"ಹಾಲಿನಂಥ ನೀರು ಕಣೇ, ಕುಡಿ" ಅನ್ನೋಳು ಮಾರಕ್ಕಜ್ಜಿ.
ಬೇಳೆ ಮಾತ್ರ ಎರಡು ತಾಸು ಕುದ್ದರೂ ಮಣಿಯುತ್ತಿರಲಿಲ್ಲ.
ಬೇಳೆಗೆ ಗೊತ್ತಿತ್ತೇನೋ.
ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಯಾರೋ ಜೀಪಿನಲ್ಲಿ ಬಂದು
ಅದರ ಕತ್ತಿಗೆ ಕೆಂಪು ಬಳಿದು ಹೋದರು.
ಕೆಂಪು ಒಣಗುವ ಮುಂಚೆ ನಾವು ಕೊಡ ಇಟ್ಟೆವು.

ಒಳಗಿಂದ ತನುಜ ಬಂದಳು. ಪಿಯುಸಿ. ಹಲ್ಲು ಅಕ್ಕಿಕಾಳು.
ಫ್ರಿಜ್ಜಿನಿಂದ ಇಪ್ಪತ್ತು ರೂಪಾಯಿಯ ಸೀಲು ಬಾಟಲಿ ತಂದು
"ಅಣ್ಣಾ, ಇದಕ್ಕೂ ಇಳಿಸಿ" ಅಂದಳು.
ಅವನು ಗಡಿಯಾರ ನೋಡಿದ. ಇಳಿಸಿದ.
ಹಿಮದ ಬೆಟ್ಟ ಅಂಟಿಸಿಕೊಂಡ ನೀರೂ
ಎರಡೇ ನಿಮಿಷಕ್ಕೆ ಹುಣಸೆಹುಳಿ.
"ನಿಮ್ಮ ಕಬ್ಬಿಣಾನೇ ಕರಗಿದ್ದಲ್ವಾ ಇದು? ನೀರಲ್ಲಿ ಚೂರು ಉಪ್ಪಿದ್ರೂ ಹಿಂಗಾಗುತ್ತೆ."
ಪ್ಲಗ್ ಕಿತ್ತ.

ಆದರೂ ಹೇಳಬೇಕು, ಅವನ ಯಂತ್ರ ಸುಳ್ಳಲ್ಲ.
ನಮ್ಮ ಬೋರಿಂಗಿನದು ಕಾಯಿಸಿದರೆ ಹೋಗುವುದಲ್ಲ,
ಬಟ್ಟೆಯ ಸೋಸಿಗೆ ಸಿಕ್ಕುವುದಲ್ಲ,
ಇಂಥದೇ ಯಂತ್ರ ಬೇಕು.
ನಿಜವನ್ನು ಮಾರುವುದಕ್ಕೂ ಗಾರುಡಿ ಮಾಡಬೇಕಾಯಿತಲ್ಲ, ಪಾಪ.

"ನಾವು ಘಟಕದ್ದು ತರ್ತೀವಪ್ಪ" ಅಂದೆ.
ಐದರ ನಾಣ್ಯ ಹಾಕಿದರೆ ಇಪ್ಪತ್ತು ಲೀಟರು,
ಸ್ಕೂಟಿಯಲ್ಲಿ ಕಾಲಸಂದಿಗಿಟ್ಟು ತರುವುದು. ಸಪ್ಪೆ.
ಬೇಳೆಗೆ ಅದು, ಮೂರು ಸೀಟಿ ಸಾಕು.
ಚಹಾಕ್ಕೆ ನಲ್ಲಿಯದೇ ಆಗಬೇಕು.
ಬಾಟಲಿ, ಹುಬ್ಬಳ್ಳಿಯ ನಾದಿನಿ ಬಂದಾಗ.

ಲೋಟ ಒರೆಸಿ ಪೇಪರಿಗೆ ಸುತ್ತುತ್ತ
"ಅಕ್ಕಾ, ಕುಡಿಯಾಕೆ ಒಂಚೂರು ನೀರು" ಅಂದ.
ಅವನ ಚೀಲದಲ್ಲಿ ಇನ್ನೂ ಅರ್ಧ ಲೀಟರು ಇತ್ತು.
ಅದು ಡೆಮೊಗಂತೆ, ಲೆಕ್ಕ ಕೊಡಬೇಕಂತೆ.
"ಮೂರು ಥರ ಐತಲ್ಲಪ್ಪ, ಯಾವುದು ಕೊಡಲಿ?"
"ಯಾವುದಾರ ಆಗಲಿ, ತಣ್ಣಗಿರೋದು."

ಹೂಜಿಯಿಂದ ಚೊಂಬಿಗೆ ಬಗ್ಗಿಸಿದೆ. ಅಂಗೈಗೆ ಒಂದು ಚೂರು ಬೆಲ್ಲ.
ಅವನು ಕತ್ತೆತ್ತಿ, ತುಟಿಗೆ ತಾಗಿಸದೆ
ಎತ್ತರದಿಂದ ಹೊಯ್ದುಕೊಂಡ, ಬಾಯಿ ಪೂರ್ತಿ ತೆರೆದು.
ಮೇಲಿನ ಸಾಲು ಕಂಡಿತು.

"ಯಾವೂರಪ್ಪಾ?"
ಹೇಳಿದ. ಮಾರಕ್ಕಜ್ಜಿಯ ತವರು,
ನಮ್ಮೂರಿಂದ ನಾಲ್ಕೇ ಮೈಲಿ, ಅದೇ ಹಳ್ಳದ ದಂಡೆ.
ನಕ್ಕ, ತುಟಿ ಬಿಚ್ಚದೆ. ನಾನೂ.
ತನುಜ ಒಮ್ಮೆ ಅವನನ್ನ, ಒಮ್ಮೆ ನನ್ನನ್ನ ನೋಡಿ
"ಏನು? ಏನಾಯ್ತೀಗ?" ಅಂದಳು.