ನೋಟಿನ ಕಿವಿರು

ಬಂದರಿನ ಧಕ್ಕೆ, ನಸುಕಿನ ನಾಲ್ಕೂವರೆ.
ಏಲಂನಲ್ಲಿ ಅಂಜಲಿನ ಕಿವಿರೆತ್ತಿ
ಕೆಂಪು ನೋಡಿಯೇ ಬೆಲೆ ಕೂಗಿದವಳು
ಐನೂರರ ನೋಟನ್ನು ಮಾತ್ರ
ಒದ್ದೆ ಕೈಯಲ್ಲೇ ಮಡಚಿ ಸೊಂಟಕ್ಕೆ ಸಿಕ್ಕಿಸಿದೆ.
ನೋಟಿಗೆಲ್ಲಿಯ ಕಿವಿರು?

ಐಸಿನ ಹಸನಬ್ಬ ಹಿಂದೆ ಕೊಟ್ಟ:
"ಇದು ಅದಲ್ಲ, ಬೇಬಿಯಕ್ಕ."
"ಕತ್ತಲುಂಟಲ್ಲ, ದಾಟಿಸಿಬಿಡು"
ಪಕ್ಕದ ಬುಟ್ಟಿಯ ಗುಲಾಬಿ ಪಿಸುಗುಟ್ಟಿದಳು.
ಮುಂದೆ ನಿಂತದ್ದು ಮೆಸ್ಸಿನ ಹುಡುಗ,
ಚಿಲ್ಲರೆ ತಪ್ಪಿದರೆ ಸಂಬಳದಲ್ಲಿ ಮುರಿಯುತ್ತಾರೆ ಅವನಿಗೆ.
ಚಿಲ್ಲರೆಗೆ ಬೇರೆ ನೋಟು ಹುಡುಕಿದೆ.

ಕಾರ್‌ಸ್ಟ್ರೀಟಿನ ಬ್ಯಾಂಕಿನವಳು
ಮೊಹರೊತ್ತಿ ತಾನೇ ಇಟ್ಟುಕೊಂಡಳು.
ಎರಡು ದಿನದ ಲಾಭಕ್ಕೆ
ನನಗೊಂದು ಚೀಟಿ.
ಹೊರಡುವಾಗ ಒಳ್ಳೆ ನೋಟು ತೋರಿಸಿ ಹೇಳಿದಳು:
"ಈ ದಾರ ಉಂಟಲ್ಲ, ವಾಲಿಸಿ ನೋಡಿ,
ಹಸಿರು ನೀಲಿಯಾಗಬೇಕು."
ಅಯ್ಯೋ, ಇಷ್ಟೆಯಾ!
ಇದು ಬಂಗುಡೆಯ ಬೆನ್ನಲ್ಲವಾ ಮಾರಾಯ್ತಿ,
ನಲವತ್ತು ವರ್ಷದಿಂದ ನೋಡುತ್ತಿದ್ದೇನೆ.

ಈಗ ದೀಪದ ಕಂಬದ ಬುಡದಲ್ಲೇ ನನ್ನ ಬುಟ್ಟಿ.
ಕೈ ಒರೆಸಿಕೊಂಡು
ಒಂದೊಂದೇ ವಾಲಿಸುತ್ತೇನೆ,
ಗಿರಾಕಿ ಎಷ್ಟೇ ಅವಸರ ಮಾಡಲಿ.

"ಎಂತ ಬೇಬಿಯಕ್ಕ, ನಂಬಿಕೆ ಇಲ್ವಾ?"

ನನ್ನ ಮೀನಿನ ಕಿವಿರು ನೀವೆತ್ತುವಾಗ
ನಾನು ಕೇಳಿದ್ದುಂಟಾ?