ಮರಿಕೋತಿಗಳು

ಅಂಗೈಯಗಲದ ವೋಡ್ಕಾ ಬಾಟಲಿಗೆ ಇಲ್ಲಿ
ಮರಿಕೋತಿ ಅನ್ನುತ್ತಾರೆ.
ಕೋಟಿನ ಜೇಬಿನಲ್ಲಿ ಮುದುಡಿ ಕೂರುತ್ತದೆ,
ಕೈಚೀಲದ ಮೂಲೆಯಲ್ಲಿ, ಬೂಟಿನ ಕತ್ತಿನಲ್ಲಿ.
ಬೆಳಗಿನ ಆರಕ್ಕೆ ಅಂಗಡಿ ತೆರೆದರೆ
ಬ್ರೆಡ್ಡಿಗಿಂತ ಮೊದಲು ಅದೇ ಖಾಲಿ.

ನಮ್ಮೂರು ವೂಚ್. ಪೋಲಿಷ್ ಮಾತಿನಲ್ಲಿ ದೋಣಿ ಎಂದರ್ಥ.
ದೋಣಿಗೆ ಹೊಳೆಯೇ ಇಲ್ಲ;
ಗಿರಣಿಗಳ ಕಾಲದಲ್ಲಿ ರಸ್ತೆಯಡಿ ಹೂತುಬಿಟ್ಟರು.
ಜೋರು ಮಳೆಯ ರಾತ್ರಿ ಚರಂಡಿಯ ಜಾಲರಿಗೆ ಬಗ್ಗಿದರೆ
ಹರಿಯುವುದು ಕೇಳುತ್ತದೆ ಅನ್ನುತ್ತಿದ್ದಳು ಗ್ರಾಝಿನಾ.
ಅವಳಿಗೆ ಕೇಳುತ್ತಿತ್ತು. ನನಗಿಲ್ಲ.

ಹನ್ನೊಂದು ವರ್ಷ ಒಂದೇ ಡಿಪೊ,
ಅವಳದೊಂದು ಟ್ರಾಮು, ನನ್ನದೊಂದು.
ಎದುರುಬದುರಾದಾಗ ಗಾಜಿನಾಚೆಯಿಂದ
ಎರಡು ಬೆರಳೆತ್ತುತ್ತಿದ್ದೆವು, ಅಷ್ಟೇ ನಮಸ್ಕಾರ.
ನನ್ನ ಮಗನಿಗೆ ನ್ಯುಮೋನಿಯಾ ಆದ ವಾರ
ತನ್ನ ರಜೆಯನ್ನೆಲ್ಲ ನನಗೆ ಬರೆದುಕೊಟ್ಟವಳು.
ಗಂಡ ಬಿಟ್ಟುಹೋದ ರಾತ್ರಿ
ಸ್ಕ್ರೂಡ್ರೈವರ್ ಬಾಯಲ್ಲಿ ಕಚ್ಚಿಕೊಂಡು
ಬಾಗಿಲ ಬೀಗ ಬದಲಿಸಿದವಳು, ನಗುತ್ತಾ.

ಅಂಥವಳಿಗೆ ಹೇಗೆ ಹೇಳುವುದು?
ಪುದೀನ ಮಿಠಾಯಿ ಕೊಟ್ಟೆ. ಕಾಫಿ ಕೊಟ್ಟೆ.
ಮೈ ಹುಷಾರಿಲ್ಲವಂತೆ, ಎಂದೆ ಆಫೀಸಿನ ಕಿಟಕಿಯಲ್ಲಿ,
ಅಜ್ಜಿ ಸತ್ತಳಂತೆ, ನೀರಿನ ಪೈಪು ಒಡೆಯಿತಂತೆ.
ಸುಳ್ಳಿಗೆ ಸಂಬಳವಿದ್ದರೆ ಇಷ್ಟೊತ್ತಿಗೆ ಬಡ್ತಿ ಸಿಗುತ್ತಿತ್ತು.

ಮಾರ್ಚಿನಲ್ಲಿ ಹಿಮ ಕರಗಿತು.
ಡಿಪೊದ ಹಿಂದಿನ ಬೇಲಿಯಡಿ
ಒಂದೊಂದೇ ತಲೆಯೆತ್ತಿದವು ಮರಿಕೋತಿಗಳು,
ಚಳಿಗಾಲವಿಡೀ ಮಲಗಿ ಎದ್ದ ಹಾಗೆ, ಮೈಯೆಲ್ಲ ಒದ್ದೆ,
ಒಂದೊಂದರ ಹೊಟ್ಟೆಯಲ್ಲೂ ಚಿಟಿಕೆ ಬಿಸಿಲು.
ಯಾರೂ ನೋಡದಿರಲೆಂದು ಬೇಗಬೇಗ ಆಯ್ದೆ.
ನೂರಾ ಆರಕ್ಕೆ ಲೆಕ್ಕ ಬಿಟ್ಟೆ.
ಎಲ್ಲವೂ ಅವಳವೇ ಆಗಿರಲಾರವು, ಅಂದುಕೊಂಡೆ.
ಮೊಸರು ತಿಂದ ಕೋತಿ
ಮೇಕೆಯ ಬಾಯಿಗೆ ಒರೆಸಿತಂತೆ.
ಇಲ್ಲಿ ಮೇಕೆಯೇ ಹೋಗಿ ಬಾಯೊಡ್ಡಿ ನಿಂತಿತ್ತು.

ಏಪ್ರಿಲ್, ಸೋಮವಾರ, ನಸುಕಿನ ನಾಲ್ಕೂಕಾಲು.
ಉಸಿರು ಪರೀಕ್ಷೆಯ ಯಂತ್ರದ ಮುಂದೆ ನಾವಿಬ್ಬರೇ,
ಮೇಲ್ವಿಚಾರಕ ಬೆನ್ನು ತಿರುಗಿಸಿ ಫೋನಿನಲ್ಲಿ.
ನೀನೇ ಊದು ಲುತ್ಸಿನಾ, ಅಂದಳು ಕಿವಿಯಲ್ಲಿ.
ಮೊದಲೂ ಊದಿದ್ದೆ. ಎರಡು ಸಲ.
ಇಲ್ಲ, ಮೂರು.

ಕೊಳವೆ ತುಟಿಗಿಟ್ಟೆ. ಎದೆಯಲ್ಲಿ ಉಸಿರಿತ್ತು.
ಅವಳ ಮೊದಲ ಗಾಡಿಗೆ ಹತ್ತುವವರು ಕಣ್ಣಿಗೆ ಬಂದರು:
ರಾತ್ರಿಪಾಳಿ ಮುಗಿಸಿದ ನರ್ಸುಗಳು,
ಬೇಕರಿಯ ಉಕ್ರೇನಿನ ಹೆಂಗಸು, ಮೊಣಕೈವರೆಗೂ ಹಿಟ್ಟು,
ಟ್ರಂಪೆಟ್ ಪೆಟ್ಟಿಗೆ ತಬ್ಬಿ ತೂಕಡಿಸುವ ಹುಡುಗ.
ಕೊಳವೆ ಕೆಳಗಿಟ್ಟೆ.
ಇವಳನ್ನು ಗಾಡಿ ಹತ್ತಿಸಬೇಡಿ, ಅಂದೆ.
ನನ್ನ ದನಿ ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

ಅವಳು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.
ಅದರಲ್ಲಿ ನನ್ನ ಗಂಡನೂ ಬಂದ, ಬೀಗವೂ ಬಂತು.

ಕುಡಿತ ಬಿಟ್ಟವರು, ಬಿಡಲು ಹೆಣಗುವವರು
ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸೇರುತ್ತಾರೆ.
ವಿಳಾಸ ಬರೆದು ಅವಳ ಬಾಗಿಲ ಸಂದಿಯಲ್ಲಿ ತೂರಿಸಿದೆ.
ಚೀಟಿ ಹೊರಗೆ ಬಂತು.
ಮತ್ತೆ ತೂರಿಸಿದೆ.
ಬಂತು.
ಮೂರನೇ ಸಲ ಬರಲಿಲ್ಲ.
ಹರಿದಳೋ, ಇಟ್ಟುಕೊಂಡಳೋ. ಮೆಟ್ಟಿಲ ಮೇಲೆ
ದೀಪ ತಾನಾಗಿ ಆರುವವರೆಗೆ ಕೂತಿದ್ದೆ.
ಒಳಗೆ ರೇಡಿಯೊ ಹವಾಮಾನ ಹೇಳುತ್ತಿತ್ತು.

ಗುರುವಾರ ಆರೂಮುಕ್ಕಾಲಿಗೆ ನನ್ನ ಗಾಡಿ
ಆ ಚರ್ಚಿನ ಮುಂದೆ ನಿಲ್ಲುತ್ತದೆ.
ಇಳಿಯುವವರನ್ನು ಕನ್ನಡಿಯಲ್ಲಿ ನೋಡುತ್ತೇನೆ.
ನಿನ್ನೆ ಮೂರನೇ ಬಾಗಿಲಿಂದ ಹಸಿರು ಕೋಟೊಂದು ಇಳಿಯಿತು,
ಅಂಥ ಕೋಟು ಊರಲ್ಲಿ ಸಾವಿರ.
ಮಳೆ ಹೊಯ್ಯುತ್ತಿತ್ತು. ಗಾಜಿನ ತುಂಬ ಹನಿ.
ಚರಂಡಿಯ ಜಾಲರಿಯ ಹತ್ತಿರ ಆಕೆ ಬಗ್ಗಿದಳು,
ಬೂಟಿನ ದಾರ ಕಟ್ಟಲಿಕ್ಕೋ ಏನೋ.
ಕನ್ನಡಿಗೆ ಎರಡು ಬೆರಳೆತ್ತಿದೆ.
ಬಾಗಿಲು ಮುಚ್ಚುವ ಗುಂಡಿ ಒತ್ತಲಿಲ್ಲ, ಇನ್ನೂ ಒತ್ತಲಿಲ್ಲ.
ತಾಯಿ, ನಮಗೂ ಮನೆಯಿದೆ,
ಎಂದು ಗೊಣಗಿದ ಹಿಂದಿನ ಸೀಟಿನ ಮುದುಕ.