ಕೊಳವೆಯ ಗೆರೆ

ಟೇಕಲ್ ರಸ್ತೆ, ತಗಡಿನ ಶೆಡ್ಡು. ಲಿಫ್ಟಿನ ಮೇಲೆ
ಹೊಟ್ಟೆ ಬಿಚ್ಚಿಕೊಂಡು ನಿಂತಿದೆ ವರದರಾಜುವಿನ ಕಾರು.
ಮೊಟ್ಟೆ ವ್ಯಾಪಾರಿ ಆತ. ವಾರವೆಲ್ಲ ಒಂದೂ ಒಡೆಯದ ಹಾಗೆ
ಹಂಪು ಹಂಪಿಗೂ ಉಸಿರು ಹಿಡಿದು ವ್ಯಾನು ಓಡಿಸಿ
ಭಾನುವಾರಕ್ಕೆಂದು ಈ ಟರ್ಬೊ ಸಾಕಿದ್ದಾನೆ.
"ಬೂಸ್ಟ್ ಏರಿಸಿದರೆ ಕಟಕಟ ಹಲ್ಲು ಕಡಿಯುತ್ತೆ ಅಕ್ಕ,
ಎಥೆನಾಲಿಗೆ ಮಾಡಿಕೊಡಿ."

ಮಾಡಿಕೊಡೋದೇನೋ ಸರಿ.
ಪೆಟ್ರೋಲು ಒಂದು ಲೋಟ ಕೇಳುವ ಕಡೆ
ಇದು ಒಂದೂಕಾಲು ದಾಟಿ ಒಂದೂವರೆಯ ಹತ್ತಿರ ಕೇಳುತ್ತೆ.
ಹಳೇ ಪಂಪಿಗೆ ಅಷ್ಟು ದಮ್ಮಿಲ್ಲ.
ಇಂಜೆಕ್ಟರುಗಳ ಬಾಯಿ ಗುಬ್ಬಿಮರಿಯದು, ನಾಲ್ಕೂ ತೆಗೆದೆ.
ರಬ್ಬರ್ ಪೈಪು ಒಳಗೊಳಗೇ ಊದಿ ಮೆತ್ತಗಾಗುತ್ತೆ,
ಹೊರಗಿಂದ ನೋಡಿದರೆ ಗಟ್ಟಿಮುಟ್ಟು,
ಒಂದು ದಿನ ಕಾದ ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತೆ.
ಟೆಫ್ಲಾನ್ ಎಳೆದೆ ಟ್ಯಾಂಕಿನಿಂದ ಮೂತಿಯವರೆಗೆ.
ರೈಲನ್ನು ಲೇತಿನಲ್ಲಿ ಕೊರೆದುಕೊಟ್ಟ ಇಮ್ತಿಯಾಜ್,
ಕೂದಲೆಳೆಯಷ್ಟು ಕೂಡ ತಪ್ಪಿಲ್ಲ.
ಫಿಲ್ಟರು ಎರಡು ತರಿಸಿಟ್ಟೆ. ಟ್ಯಾಂಕಿನ ತಳದ ಕೊಳೆಯನ್ನೆಲ್ಲ
ಇದು ತೊಳೆದು ತರುತ್ತೆ, ಮೊದಲನೆಯದು ಉಳಿಯಲ್ಲ.

ಡ್ರಮ್ಮು ಬಂತು. ಬಿರಡೆ ತಿರುಗಿಸಿದೆ.

ಮೂಗಿಗೆ ಅಪ್ಪ.

ಅಂಗಿಯ ಜೇಬು, ಬೀಡಿ ಕಡ್ಡಿಪೆಟ್ಟಿಗೆ, ಪ್ಯಾಕೆಟ್ಟಿನ ಸಾರಾಯಿ,
ಹಲ್ಲಲ್ಲಿ ಹರಿದ ಅದರ ಮೂಲೆ
ಹೊಸಿಲ ಮೇಲೆ ಬಿದ್ದಿರುತ್ತಿತ್ತು.
ಟೋಪನ್ನು ಎಂಜಿನ್ನಿಗೆ ಮುಚ್ಚಿದ ಹಾಗೆ
ಆ ನೆನಪಿಗೂ ಮುಚ್ಚಿದ್ದೆ ಅಂದುಕೊಂಡಿದ್ದೆ.

ಆ ಹೊತ್ತಿಗೇ ಅಮ್ಮ ಬುತ್ತಿ ತಂದಳು, ಮುದ್ದೆ, ಹುರುಳಿ ಬಸ್ಸಾರು.
ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ.
"ಏನೇ ಅದು?"
"ಗಾಡಿಗಮ್ಮ."
"ಗಾಡಿಗೂ ಶುರುವಾಯ್ತಾ."

ಗಾಜಿನ ಕೊಳವೆ ತೋರಿಸಿದೆ, ಮಾತು ಬದಲಿಸಲು.
ಇಪ್ಪತ್ತರ ಗೆರೆವರೆಗೆ ನೀರು, ಮೇಲೆ ನೂರರವರೆಗೆ ಇದು.
ಮುಚ್ಚಿ, ಕುಲುಕಿ, ಬಿಟ್ಟರೆ
ಎಥೆನಾಲು ನೀರಿನ ಜೊತೆ ಕೆಳಗಿಳಿಯುತ್ತೆ,
ಪೆಟ್ರೋಲು ಸಿಟ್ಟುಗೊಂಡ ಬೀಗನ ಹಾಗೆ ಮೇಲೆ ಬೇರೆ ಕೂರುತ್ತೆ.
ಗೆರೆ ಎಂಬತ್ತೆಂಟಕ್ಕೆ ಬರಬೇಕಿತ್ತು,
ಎಂಬತ್ನಾಲ್ಕಕ್ಕೆ ನಿಂತಿತು.
"ಎಂಬತ್ತೈದು ಅಂತ ಮಾರಿದ್ದಾರೆ, ಇರೋದು ಎಂಬತ್ತು."

ಅಮ್ಮ ಈಗ ಒಳಗೆ ಬಂದಳು. ಬಗ್ಗಿ ನೋಡಿದಳು.
"ಮೊದಲೇ ಅದರಲ್ಲಿ ನೀರು ಸೇರಿಸಿದ್ದರೆ?"
"ಈ ಕೊಳವೆಗೆ ಅದು ಗೊತ್ತಾಗಲ್ಲ."
"ಹೂಂ. ಅವರಿಗೂ ಗೊತ್ತಾಗಲಿಲ್ಲ."

ಬುತ್ತಿಯ ಗಂಟು ಬಿಚ್ಚುತ್ತಲೇ ಹೇಳಿದಳು:
ಪ್ಯಾಕೆಟ್ಟುಗಳನ್ನು ಬಾಟಲಿಗೆ ಸುರಿದಿಟ್ಟು ಮಲಗುತ್ತಿದ್ದರು,
ನಾನು ಎದ್ದು ಮೊದಲು ಒಂದು ಚಮಚ,
ಯುಗಾದಿ ಕಳೆದ ಮೇಲೆ ಎರಡು, ಆಮೇಲೆ ಒಂದು ಸೌಟು.
ಒಂಬತ್ತು ವರ್ಷ. ಅವಸರ ಮಾಡಬಾರದು ಅದಕ್ಕೆ.

ನಾನು ಸ್ಪ್ಯಾನರು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.
ಅವಳಿಗೆ ಹೇಳಿಲ್ಲ: ಒಂದು ಸಂಜೆ ಅಪ್ಪ
ಲೋಟವನ್ನು ಬಲ್ಬಿಗೆ ಎತ್ತಿ ಹಿಡಿದು
ಬಹಳ ಹೊತ್ತು ನೋಡಿ, ಒಲೆಯ ಕಡೆ ಒಮ್ಮೆ ನೋಡಿ,
ಕುಡಿದಿಟ್ಟದ್ದು. ಏನೂ ಅನ್ನದೆ.

ಮಾರನೆಯ ಬೆಳಿಗ್ಗೆ ಅಂತರಗಂಗೆ ಬೆಟ್ಟ ಮಂಜು ಹೊದ್ದಿತ್ತು.
ಸೆಲ್ಫು ಕೊಟ್ಟೆ. ಕುಯ್ಯೋ ಕುಯ್ಯೋ. ಇಲ್ಲ.
ಚಳಿಗೆ ಇದು ಆವಿಯಾಗಲ್ಲ, ಗೊತ್ತಿದ್ದದ್ದೇ.
ಲ್ಯಾಪ್‌ಟಾಪಿನಲ್ಲಿ ಮೊದಲ ಗುಟುಕು ಹೆಚ್ಚಿಸಿದೆ,
ಇನ್ನಷ್ಟು, ಇನ್ನೂ ಒಂದಷ್ಟು.
ನಾಲ್ಕನೇ ಸಲಕ್ಕೆ ಕೆಮ್ಮಿ, ಕ್ಯಾಕರಿಸಿ, ಹಿಡಿಯಿತು.
ಸೈಲೆನ್ಸರಿನ ತುದಿಯಿಂದ ನೀರು ಹನಿಯಿತು.

ಮುಳಬಾಗಿಲು ಕಡೆಯ ಹೆದ್ದಾರಿಯಲ್ಲಿ ಮೂರನೇ ಗೇರು,
ಬೂಸ್ಟಿನ ಮುಳ್ಳು ಹಿಂದೆಂದೂ ಹೋಗದ ಕಡೆ ಹೋಯಿತು.
ಹಲ್ಲು ಕಡಿಯುವ ಸದ್ದಿಗೆ ಕಿವಿಗೊಟ್ಟೆ.
ಇಲ್ಲ.
ವರದರಾಜು ಸೀಟಿಗಂಟಿಕೊಂಡು ಕಣ್ಣು ಮುಚ್ಚಿದ್ದ,
ಮೊಟ್ಟೆ ಹಿಡಿದವನ ಹಾಗೆ ಎರಡು ಕೈ ತೊಡೆಯ ಮೇಲೆ.

ಮರಳಿ ಬಂದಾಗ ಅಮ್ಮ ಕ್ಯಾನಿನ ಬಿರಡೆಯನ್ನು
ಸೆರಗಿನಿಂದ ಒರೆಸಿ, ಬಿಗಿಯಾಗಿ ತಿರುಗಿಸುತ್ತಿದ್ದಳು.
"ತೆರೆದಿಟ್ಟರೆ ಗಾಳಿಯಿಂದಲೇ ನೀರು ಕುಡಿಯುತ್ತಂತಲ್ಲ,
ಇಮ್ತಿಯಾಜ್ ಅಂದ."